ಮೊಳೆ ಇಲ್ಲದ ಹಳೇ ದೋಣಿ

ಗೋವಾದ ಮಾಪುಸಾದಲ್ಲಿ ಕೊಂಡ ದೋಣಿಗೆ ಮೊಳೆಯೇ ಇಲ್ಲ, ಅಂಚಿನುದ್ದಕ್ಕೂ ಜೋಡಿ ತೂತುಗಳಿವೆ ಅಂದಿರಲ್ಲ, ಅದು ತೆಂಗಿನ ಹುರಿಯಿಂದ ಹಲಗೆ ಹೊಲಿದ ದೋಣಿ ಇರಬೇಕು. ತೂತಿನೊಳಗೆ ಕಂದು ನಾರು ಸಿಕ್ಕಿದರೆ ಬಹುತೇಕ ಖಾತ್ರಿ. ತಳ ಒಂದೇ ಮರ ಕೊರೆದದ್ದಾ ನೋಡಿ. ಆಗಿದ್ದರೆ ನಮ್ಮ ಕರಾವಳಿಯ ಪಾತಿ ದೋಣಿಯ ನೆಂಟ.

ಬಣ್ಣ ಮಾತ್ರ ಕೆರೆಯಬೇಡಿ. ಸುಮ್ನೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಕತ್ತಲಾದ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ಮೂತಿಯ (ಮುಂತುದಿಯ) ಎರಡೂ ಬದಿ ಹಳೇ ನೋಂದಣಿ ನಂಬರ್ ಇದೆಯಾ ನೋಡಿ. ನನಗೆ ಬೇರೊಂದು ದೋಣಿಯಲ್ಲಿ ಮೂರು ಪದರ ನೀಲಿ ಬಣ್ಣದಡಿ ಅಂಕಿ ಕಂಡಿದ್ದು ಹೀಗೇ. ‘ಐಎನ್‌ಡಿ ಜಿಎ’ (IND GA) ಎಂದು ಶುರುವಾದರೆ ಗೋವಾದ ಮೀನುಗಾರಿಕೆ ನೋಂದಣಿ. ಫೋಟೋ ಹಿಡಿದು ಪಣಜಿಯ ಮೀನುಗಾರಿಕೆ ಇಲಾಖೆಗೆ ಹೋಗಿ.

ಹೊಲಿಗೆ ನೋಡಿ ವಯಸ್ಸು ಹೇಳೋಕಾಗಲ್ಲ. ‘ಪೋರ್ಚುಗೀಸರ ಕಾಲದ್ದು’ ಅಂದರೆ ಗೋವಾದಲ್ಲಿ ಅವರ ಆಳ್ವಿಕೆ ಮುಗಿದ 1961ಕ್ಕೂ ಹಿಂದಿನದು ಅಂತಾಯ್ತು, ಬರೀ ಬಾಯಿಮಾತು ನಂಬಬೇಡಿ. ನಂಬರ್ ಸಿಗದಿದ್ದರೆ ಮಾರಿದವರಿಗೆ ಯಾವ ಊರಿನಿಂದ ಬಂತು ಎಂದು ಕೇಳಿ, ಆ ದಡದ ಹಿರಿಯ ಮೀನುಗಾರರಿಗೆ ಫೋಟೋ ತೋರಿಸಿ.