ಕೊಟ್ಟ ಸೀರೆ ಸಂತೆಯಲ್ಲಿ ಕಂಡಾಗ

ವಿರಾಜಪೇಟೆಯ ಓದುಗರೊಬ್ಬರ ಪತ್ರದ ಸಾರಾಂಶವಿದು. ಸಂಸ್ಥೆಯೊಂದು ಪೇಟೆಯಲ್ಲಿಟ್ಟ ಸಂಗ್ರಹ ಪೆಟ್ಟಿಗೆಗೆ ಅವರು ಒಗೆದು ಮಡಿಚಿದ ಬಟ್ಟೆಗಳನ್ನು ಹಾಕಿದ್ದರು. ಕೆಲವು ತಿಂಗಳ ನಂತರ ಸಿದ್ದಾಪುರದ ಸಂತೆಯಲ್ಲಿ, ಟಾರ್ಪಾಲಿನ ಮೇಲೆ ಸುರಿದ ರಾಶಿಯಲ್ಲಿ, ತಮ್ಮದೇ ಹಸಿರಂಚಿನ ವಾಯಿಲ್ ಸೀರೆಯನ್ನು ಕಂಡರು. ತೋಟದ ಕೆಲಸದ ಹೆಣ್ಣುಮಗಳೊಬ್ಬಳು ಅದರ ಸೆರಗನ್ನು ಬೆಳಕಿಗೆ ಹಿಡಿದು ನೋಡಿ ಚೌಕಾಸಿ ಮಾಡುತ್ತಿದ್ದಳಂತೆ. “ದಾನ ಕೊಟ್ಟದ್ದನ್ನು ಮಾರಿಕೊಳ್ಳುವವರಿಗೆ ಇನ್ನು ಮುಂದೆ ಏಕೆ ಕೊಡಬೇಕು?” ಎಂದು ಅವರು ಕೇಳಿದ್ದಾರೆ.

ಪತ್ರ ಬರೆದವರೇ, ತಮ್ಮ ಬೇಸರ ಸಹಜವಾದದ್ದು. ಬಟ್ಟೆ ಮಾರಾಟವಾಗಬಹುದೆಂದು ಪೆಟ್ಟಿಗೆಯ ಮೇಲೆ ಬರೆಯದಿದ್ದದ್ದು ಆ ಸಂಸ್ಥೆಯ ತಪ್ಪೇ. ಆದರೆ ಮಾರಿದ್ದೇ ಅನ್ಯಾಯವೆಂಬ ಮಾತನ್ನು ನಾನು ಒಪ್ಪಲಾರೆ. ಆ ಹೆಣ್ಣುಮಗಳು ನೂರು ಬಟ್ಟೆಗಳ ನಡುವೆ ತನಗೆ ಬೇಕಾದ ಸೀರೆಯನ್ನು ತಾನೇ ಆರಿಸಿ, ಬೆಲೆ ಕಟ್ಟಿ, ತನ್ನ ಕೂಲಿಯ ಹಣ ಕೊಟ್ಟು ಕೊಳ್ಳುತ್ತಿದ್ದಳು. ತೋಟದ ಕಾರ್ಮಿಕರ ಲೈನ್ ಮನೆಯ ಮುಂದೆ ಬಟ್ಟೆಯ ಗಂಟು ಬಿಚ್ಚಿ ಫೋಟೋ ತೆಗೆಸಿಕೊಳ್ಳುವವರ ಎದುರು ಆಕೆಗೆ ಈ ಸ್ವಾತಂತ್ರ್ಯ ಎಲ್ಲಿದೆ?

ಕೊಟ್ಟ ಬಟ್ಟೆ ವ್ಯಾಪಾರಕ್ಕೆ ಸೇರುವುದು ಲೋಕದ ರೂಢಿ. ಅಮೆರಿಕ, ಯುರೋಪಿನ ದತ್ತಿ ಸಂಸ್ಥೆಗಳು ತಮ್ಮ ಅಂಗಡಿಗಳಲ್ಲಿ ಮಾರಿ ಉಳಿದದ್ದನ್ನು ತೂಕಕ್ಕೆ ಕೊಡುತ್ತವೆ. ಅದು ಬೇಲುಗಳಾಗಿ, ಅಂದರೆ ಒತ್ತಿ ಕಟ್ಟಿದ ದೊಡ್ಡ ಮೂಟೆಗಳಾಗಿ, ಹಡಗು ಹತ್ತುತ್ತದೆ. ಗುಜರಾತಿನ ಕಾಂಡ್ಲಾ ಬಂದರಿಗೆ ಬಂದದ್ದು ಅಲ್ಲಿ ವಿಂಗಡಣೆಯಾಗಿ ಆಫ್ರಿಕಾಕ್ಕೆ ಹೋಗುವುದುಂಟು. ಹರಿಯಾಣದ ಪಾಣಿಪತ್ತಿನಲ್ಲಿ ಹೆಂಗಸರು ಈಳಿಗೆಮಣೆಯಂತಹ ಅಲಗಿನ ಮುಂದೆ ಕುಳಿತು ಹಳೆಯ ಉಣ್ಣೆ ಕೋಟುಗಳ ಗುಂಡಿ, ಜಿಪ್ಪು, ಅಸ್ತರುಗಳನ್ನು ಬೇರ್ಪಡಿಸಿ ಬಣ್ಣವಾರು ರಾಶಿ ಹಾಕುತ್ತಾರೆ. ಅದನ್ನು ಯಂತ್ರ ಹರಿದು ನಾರು ಮಾಡಿ ಮತ್ತೆ ನೂಲಾಗಿಸುತ್ತದೆ. ಪ್ರವಾಹ, ಭೂಕಂಪಗಳಲ್ಲಿ ಹಂಚಲು ಪರಿಹಾರ ಸಂಸ್ಥೆಗಳು ದಶಕಗಳಿಂದ ಕೊಂಡದ್ದು ಈ ನೂಲಿನ ಅಗ್ಗದ ಕಂಬಳಿಗಳನ್ನೇ.

ಮಾರಾಟವಾದ ಬಟ್ಟೆಯನ್ನು ಯಾರೋ ಒಬ್ಬರು ತೊಡುತ್ತಾರೆ. ನನ್ನ ಚಿಂತೆಯೆಲ್ಲ ಯಾರಿಗೂ ಬೇಡವಾದ ಬಟ್ಟೆಯದು. ಘಾನಾದ ಅಕ್ರಾ ನಗರದ ಕಾಂಟಮಾಂಟೊ ಮಾರುಕಟ್ಟೆಗೆ ವಾರಕ್ಕೆ ಸುಮಾರು 1.5 ಕೋಟಿ ಹಳೆಯ ಉಡುಪುಗಳು ಬರುತ್ತವೆಂಬ ಅಂದಾಜಿದೆ. ಒಳಗೇನಿದೆಯೆಂದು ತಿಳಿಯದ ಬೇಲನ್ನು ಸಾಲ ಮಾಡಿ ಕೊಳ್ಳುವ ಸಣ್ಣ ವ್ಯಾಪಾರಿಯೇ ನಷ್ಟ ಹೊರಬೇಕು. ಮಾರಾಟವಾಗದ ಚಿಂದಿ ಚರಂಡಿ ಸೇರಿ ಸಮುದ್ರದ ದಂಡೆಗೆ ಬಂದು ಬೀಳುತ್ತದೆ. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಇಂತಹ ಬಟ್ಟೆಯ ದಿಬ್ಬಗಳೇ ಎದ್ದಿವೆ.

ಅಷ್ಟು ದೂರ ಹೋಗುವುದೂ ಬೇಡ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ನಾಡಿನ ಮೂಲೆ ಮೂಲೆಯಿಂದ ಲಾರಿಗಳು ಬಂದವು. ಆ ಅಂತಃಕರಣವನ್ನು ಕೊಡಗು ಮರೆಯಬಾರದು. ಆದರೆ ನಾನು ಕಂಡ ಪರಿಹಾರ ಕೇಂದ್ರವೊಂದರ ಜಗಲಿಯಲ್ಲಿ ಜರಿ ಕಿತ್ತ ಲಂಗಗಳೂ ಕಾಲರು ಸವೆದ ಅಂಗಿಗಳೂ ಮಳೆಯ ಎರಚಲಿಗೆ ನೆನೆದು ಮುಗ್ಗಲು ಹಿಡಿದಿದ್ದವು. ಒಳಗಿದ್ದ ತಾಯಂದಿರು ಕೇಳುತ್ತಿದ್ದದ್ದು ಹೊಸ ಒಳಉಡುಪು, ಮಕ್ಕಳ ಸ್ವೆಟರು, ಕೊಡೆ. ಮನೆ ಕಳೆದುಕೊಂಡವರಿಗೆ ನಮ್ಮ ಕಪಾಟಿನ ಕಸ ಸಾಕೆಂದು ಭಾವಿಸುವುದು ಅವಮಾನ, ಎಷ್ಟೇ ಒಳ್ಳೆಯ ಮನಸ್ಸಿನಿಂದ ಕಳಿಸಿದ್ದರೂ.

ದೆಹಲಿಯ ಗೂಂಜ್ ಸಂಸ್ಥೆಯನ್ನು ನಾನು ಗೌರವಿಸುವುದು ಇದೇ ಕಾರಣಕ್ಕೆ. ಅಂಶು ಗುಪ್ತಾ ಅವರು 1999ರಲ್ಲಿ ಕಟ್ಟಿದ ಈ ಸಂಸ್ಥೆಯ ಪದ್ಧತಿಯಲ್ಲಿ ಹಳ್ಳಿಯವರು ಬಾವಿ ತೋಡಿ, ರಸ್ತೆ ರಿಪೇರಿ ಮಾಡಿ, ದುಡಿಮೆಗೆ ಪ್ರತಿಫಲವಾಗಿ ಬಟ್ಟೆ ಪಡೆಯುತ್ತಾರೆ. ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ನಾವಾದರೋ ಹಾಕಿ ಪಂದ್ಯಾವಳಿಗೊಂದು, ಸಂಘದ ವಾರ್ಷಿಕೋತ್ಸವಕ್ಕೊಂದು ಎಂದು ಪಾಲಿಯೆಸ್ಟರ್ ಟೀ ಶರ್ಟು ಹಂಚುತ್ತಲೇ ಇದ್ದೇವೆ. ಅದು ನೆಲ ಒರೆಸಲೂ ಬಾರದು, ಮಣ್ಣಿನಲ್ಲಿ ಕೊಳೆಯಲೂ ಕೊಳೆಯದು. ತೋಟದ ಮೂಲೆಯಲ್ಲಿ ಸುಟ್ಟರೆ ವಿಷದ ಹೊಗೆ. ಇಷ್ಟೊಂದನ್ನು ಕೊಂಡು ತಂದವರು ನಾವು. ಹೀಗಿರುವಾಗ ಸಂತೆಯಲ್ಲಿ ಕುಳಿತು ಬಟ್ಟೆಗೆ ಇನ್ನೊಂದು ಬಾಳು ಕೊಡುವ ವ್ಯಾಪಾರಿಯನ್ನು ತಾವು ಕಳ್ಳನೆನ್ನಬಹುದೇ?

ಆದ್ದರಿಂದ ತಾವು ಕೊಡುವುದನ್ನು ನಿಲ್ಲಿಸಬೇಡಿ. ಮುಂಗಾರಿಗೆ ಮುನ್ನ ಗಟ್ಟಿಮುಟ್ಟಾದ ಸ್ವೆಟರು, ಕಂಬಳಿಗಳನ್ನು ಗುಂಡಿ ಹೊಲಿದು, ಬಿಸಿಲಿಗೆ ಒಣಗಿಸಿ ಕೊಡಿ. ಹರಿದದ್ದನ್ನು ಮನೆಯಲ್ಲೇ ಒರೆಸುವ ಬಟ್ಟೆ ಮಾಡಿಕೊಳ್ಳಿ. ಮತ್ತು ಪೆಟ್ಟಿಗೆ ಇಟ್ಟವರನ್ನು ನೇರವಾಗಿ ಕೇಳಿ: ಎಷ್ಟು ಹಂಚಿದಿರಿ, ಎಷ್ಟು ಮಾರಿದಿರಿ, ಬಂದ ಹಣವನ್ನು ಯಾವುದಕ್ಕೆ ಬಳಸಿದಿರಿ? ಅವರ ಉತ್ತರವನ್ನು ನಮಗೆ ಕಳುಹಿಸಿದರೆ ಈ ಪುಟದಲ್ಲೇ ಪ್ರಕಟಿಸುತ್ತೇವೆ.

— ಸಂಪಾದಕ