ಶಾಲೆ ತೆರೆದಾಗ ಸೋಂಕು ಎಷ್ಟಿತ್ತು, ಯಾರಿಗಿತ್ತು: ಸಂಪಾದಕರ ಉತ್ತರ

(ಬೆಳಗಾವಿ ಜಿಲ್ಲೆಯ ನಿವೃತ್ತ ಮುಖ್ಯಶಿಕ್ಷಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಮಕ್ಕಳ ಓದು ಹಿಂದೆ ಬಿದ್ದದ್ದರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನದಲ್ಲಿ, 'ಕೋವಿಡ್ ಕಾಲದಲ್ಲಿ ಶಾಲೆ ತೆರೆದ ಮೇಲೆ ಮಕ್ಕಳಲ್ಲಿ ಕಂಡ ಸೋಂಕು ಹೆದರಿದಷ್ಟು ಇರಲಿಲ್ಲ' ಎಂಬ ಸಾಲಿತ್ತು. ಅದಕ್ಕೆ ಅವರ ಆಕ್ಷೇಪ ಮೂರು. ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ವಿದ್ಯಾಗಮ ಯೋಜನೆಗೆಂದು ಓಣಿ ಓಣಿ ತಿರುಗಿದ ತಮ್ಮ ಸಹೋದ್ಯೋಗಿ ಸೋಂಕು ತಗುಲಿ ತೀರಿಕೊಂಡರು. ಚಿಕ್ಕಮಗಳೂರಿನ ನವೋದಯ ಶಾಲೆಯೊಂದರಲ್ಲೇ ನೂರಕ್ಕೂ ಹೆಚ್ಚು ಮಂದಿಗೆ ಬಂತು. ಲೆಕ್ಕ ಕೊಡುವವರೆಲ್ಲ ಮಕ್ಕಳ ಲೆಕ್ಕ ಕೊಡುತ್ತಾರೆ, ಶಿಕ್ಷಕರ ಲೆಕ್ಕ ಯಾರೂ ಕೊಡುವುದಿಲ್ಲ. 'ನಿಮ್ಮ ಶೇಕಡಾವಾರಿನಲ್ಲಿ ನಮ್ಮವರು ಎಲ್ಲಿದ್ದಾರೆ ತೋರಿಸಿ' ಎಂದು ಪತ್ರ ಮುಗಿಸಿದ್ದಾರೆ.)

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹೇಳಬೇಕೆಂದೇ ಈ ಪುಟ ಪೂರ್ತಿ ತೆಗೆದಿಟ್ಟಿದ್ದೇನೆ. ಲೇಖನದ ಆ ಸಾಲು ಮಕ್ಕಳ ಬಗ್ಗೆ ಆಡಿದ ಮಾತು. ಅದು ಸರಿ ಎಂದೇ ಈಗಲೂ ನಂಬಿದ್ದೇನೆ. ಅದೇ ಮಾತನ್ನು ಶಿಕ್ಷಕರ ಬಗ್ಗೆ ಹೇಳುವ ಧೈರ್ಯ ನನಗಿಲ್ಲ. ಯಾಕೆ ಎಂಬುದನ್ನು ಸ್ವಲ್ಪ ದೂರದಿಂದ ಬಂದು ಹೇಳುತ್ತೇನೆ.

2020ರ ನವೆಂಬರ್ 2ರಂದು ಪಕ್ಕದ ಆಂಧ್ರಪ್ರದೇಶ 9 ಮತ್ತು 10ನೇ ತರಗತಿಗಳನ್ನು ತೆರೆಯಿತು. ಮೂರೇ ದಿನಕ್ಕೆ 262 ವಿದ್ಯಾರ್ಥಿಗಳಿಗೂ ಸುಮಾರು 160 ಶಿಕ್ಷಕರಿಗೂ ಪಾಸಿಟಿವ್ ಬಂದಿದೆ ಎಂಬ ಸುದ್ದಿ ದೇಶವೆಲ್ಲ ಹರಡಿತು. ಶಾಲೆ ಮುಚ್ಚಿ ಎಂದು ಒಂದು ಕಡೆಯವರು ಕೂಗಿದರು. ಅಲ್ಲಿನ ಶಾಲಾ ಶಿಕ್ಷಣ ಆಯುಕ್ತರು ಬೇರೆ ಲೆಕ್ಕ ಇಟ್ಟರು: ಹಾಜರಾದ ಮಕ್ಕಳು ಹತ್ತಿರ ಹತ್ತಿರ 4 ಲಕ್ಷ, ಅದರಲ್ಲಿ 262 ಎಂದರೆ ಶೇ 0.1 ಕೂಡ ಆಗುವುದಿಲ್ಲ. ನಮ್ಮ ಪತ್ರಿಕೆಗಳೂ ಟಿವಿಗಳೂ ಅವರವರಿಗೆ ಬೇಕಾದ ಅಂಕಿಯನ್ನು ಎತ್ತಿಕೊಂಡವು. ಅಂಕಿ ದೊಡ್ಡದೋ ಚಿಕ್ಕದೋ ಎಂಬ ಜಗಳ ನಡೆದಷ್ಟು ದಿನವೂ ಅದು ಏನನ್ನು ಎಣಿಸಿದ ಅಂಕಿ ಎಂದು ಕೇಳಿದವರು ಕಡಿಮೆ.

ಆಗಿನ ವೈರಸ್ ಮೈಸೇರಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಸರಾಸರಿ ಐದು ದಿನ ಹಿಡಿಯುತ್ತಿತ್ತು. ಶಾಲೆ ತೆರೆದ ಮೂರನೇ ದಿನಕ್ಕೆ ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರು ಮನೆಯಿಂದಲೋ ಸಂತೆಯಿಂದಲೋ ಸೋಂಕನ್ನು ಜೊತೆಗೆ ತಂದವರೇ ಇರಬೇಕು. ಹಾಗಾಗಿ 262 ಎಂಬುದು 'ಶಾಲೆಯಲ್ಲಿ ಹರಡಿದ ಸೋಂಕು' ಆಗಲಾರದು. ಆಯುಕ್ತರ ಶೇ 0.1ಕ್ಕೂ ತೊಡಕಿದೆ. ಆ 4 ಲಕ್ಷ ಮಕ್ಕಳಿಗೆಲ್ಲ ಪರೀಕ್ಷೆ ಆಗಿರಲಿಲ್ಲ. ಪರೀಕ್ಷೆ ಮಾಡದವರನ್ನೂ ಆರೋಗ್ಯವಂತರ ಪಟ್ಟಿಗೆ ಸೇರಿಸಿ ಭಾಗಿಸಿದರೆ ಯಾವ ಶೇಕಡಾವಾರನ್ನಾದರೂ ಇಳಿಸಬಹುದು. ಇದೇ ಲೆಕ್ಕದಲ್ಲಿ ಇನ್ನೊಂದು ಸಂಗತಿ ಎಲ್ಲರ ಕಣ್ಣು ತಪ್ಪಿತು. ಅಂದು ಕೆಲಸಕ್ಕೆ ಬಂದ ಶಿಕ್ಷಕರು ಸುಮಾರು 99 ಸಾವಿರ. ಅವರಲ್ಲಿ 160 ಎಂದರೆ ಮಕ್ಕಳ ಪ್ರಮಾಣದ ಎರಡು ಪಟ್ಟಿಗೂ ಹೆಚ್ಚು. ಶಿಕ್ಷಕರಿಗೆ ಪರೀಕ್ಷೆ ಹೆಚ್ಚು ಆಗಿದ್ದರಿಂದಲೂ ಈ ವ್ಯತ್ಯಾಸ ಬಂದಿರಬಹುದು. ಆದರೆ ಕೇಳಬೇಕಾಗಿದ್ದ ಪ್ರಶ್ನೆ ಅದು, ಮತ್ತು ಅದು ಜಗಳದ ನಡುವೆ ಬಿದ್ದುಹೋಯಿತು. ನಿಮ್ಮ ಮೂರನೇ ಆಕ್ಷೇಪದ ಬೇರು ಇಲ್ಲಿದೆ.

ನಮ್ಮಲ್ಲೂ ಅದೇ ಆಗಿತ್ತು. 2020ರ ಜೂನ್ 25ರಿಂದ ನಡೆದ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಸುಮಾರು 8.4 ಲಕ್ಷ ಮಕ್ಕಳು ಹೆಸರು ನೋಂದಾಯಿಸಿದ್ದರು. ಪರೀಕ್ಷೆ ಮುಗಿಯುವ ಹೊತ್ತಿಗೆ 32 ಮಕ್ಕಳಿಗೆ ಪಾಸಿಟಿವ್ ಎಂದು ಸರ್ಕಾರ ಹೇಳಿತು. ಒಬ್ಬರು ಇದನ್ನು ಯಶಸ್ಸು ಎಂದರು, ಇನ್ನೊಬ್ಬರು ಮಕ್ಕಳ ಜೀವದ ಜೊತೆ ಆಟ ಎಂದರು. ಆ 32 ಮಕ್ಕಳಿಗೆ ಸೋಂಕು ಪರೀಕ್ಷಾ ಕೊಠಡಿಯಲ್ಲಿ ತಗುಲಿತೋ, ಬಸ್ಸಿನಲ್ಲೋ, ಮನೆಯ ಹಿರಿಯರಿಂದಲೋ ಎಂಬ ಮುಂದಿನ ಮಾತು ಚರ್ಚೆಗೇ ಬರಲಿಲ್ಲ.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಇದು ನನ್ನನ್ನು ಆಗ ತುಂಬ ಯೋಚನೆಗೆ ಹಚ್ಚಿತ್ತು. 2021ರ ಆಗಸ್ಟ್ ಎರಡನೇ ವಾರ, ಐದು ದಿನಗಳಲ್ಲಿ ಬೆಂಗಳೂರಿನ 19 ವರ್ಷದೊಳಗಿನ 242 ಮಕ್ಕಳಿಗೆ ಸೋಂಕು ಎಂಬ ಸುದ್ದಿ ಬಂತು. 106 ಮಂದಿ ಒಂಬತ್ತರೊಳಗಿನವರು, 136 ಮಂದಿ ಅದಕ್ಕಿಂತ ದೊಡ್ಡವರು. ಮೂರನೇ ಅಲೆ ಮಕ್ಕಳನ್ನೇ ಹಿಡಿಯುತ್ತದೆ ಎಂಬ ಮಾತು ಊರೆಲ್ಲ ಓಡಾಡುತ್ತಿದ್ದ ದಿನಗಳವು. ಶಾಲೆ ತೆರೆಯಬಾರದು ಎಂಬವರಿಗೆ ಈ ಅಂಕಿ ದೊಡ್ಡ ಆಧಾರವಾಯಿತು. ಆದರೆ ಆ ವಾರ ಬೆಂಗಳೂರಿನಲ್ಲಿ ಶಾಲೆಗಳು ತೆರೆದೇ ಇರಲಿಲ್ಲ! 9ರಿಂದ 12ನೇ ತರಗತಿ ಶುರುವಾದದ್ದು ಆಗಸ್ಟ್ 23ಕ್ಕೆ, ಅದೂ ಪಾಸಿಟಿವಿಟಿ ದರ (ಪರೀಕ್ಷೆ ಆದವರಲ್ಲಿ ಸೋಂಕು ಕಂಡವರ ಪ್ರಮಾಣ) ಶೇ 2ಕ್ಕಿಂತ ಕಡಿಮೆ ಇದ್ದ ಕಡೆ. ಶಾಲೆ ಮುಚ್ಚಿದ್ದಾಗ ಮಕ್ಕಳಿಗೆ ತಗುಲಿದ ಸೋಂಕು ಶಾಲೆ ಮುಚ್ಚಿಯೇ ಇಡುವುದಕ್ಕೆ ಕಾರಣವಾಗಿ ನಿಂತಿತು. ಶಾಲೆ ಎರಡು ವಾರ ಮೊದಲೇ ತೆರೆದಿದ್ದರೆ ಆ 242 ಮಕ್ಕಳೂ 'ಶಾಲೆಯಿಂದ ಸೋಂಕಿತರಾದವರು' ಎಂದು ದಾಖಲಾಗುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಈಗ ನವೋದಯಕ್ಕೆ ಬರುತ್ತೇನೆ. ನೀವು ಹೇಳಿದ್ದು ನಿಜ. 2021ರ ಅಕ್ಟೋಬರ್ ಕೊನೆಗೆ ಕೊಡಗಿನ ಗಾಳಿಬೀಡು ನವೋದಯದಲ್ಲಿ 32 ಮಕ್ಕಳು. ಡಿಸೆಂಬರ್ ಮೊದಲ ವಾರ ಚಿಕ್ಕಮಗಳೂರು ಜಿಲ್ಲೆಯ ನವೋದಯದಲ್ಲಿ ಮೊದಲು 69, ಮರುದಿನಕ್ಕೆ ನೂರು ದಾಟಿತು, ಶಾಲೆ ಸೀಲ್‌ಡೌನ್ ಆಯಿತು. ಇದು ಸಣ್ಣದು ಎಂದು ನಾನು ಹೇಳುವುದಿಲ್ಲ. ಆ ಮಕ್ಕಳ ತಂದೆತಾಯಿ ಗೇಟಿನ ಹೊರಗೆ ನಿಂತು ಪಟ್ಟ ಸಂಕಟವನ್ನು ಯಾವ ಶೇಕಡಾವಾರಿನಿಂದಲೂ ಅಳೆಯಲಾಗದು.

ಆದರೆ ನವೋದಯ ವಸತಿ ಶಾಲೆ ಎಂಬುದನ್ನು ಮರೆಯಬಾರದು. ಅಲ್ಲಿನ ಮಕ್ಕಳು ಒಟ್ಟಿಗೆ ಮಲಗುತ್ತಾರೆ, ಒಂದೇ ಊಟದ ಹಾಲಿನಲ್ಲಿ ಮಾಸ್ಕ್ ತೆಗೆದು ಉಣ್ಣುತ್ತಾರೆ, ಒಂದೇ ಸಾಲಿನ ನಲ್ಲಿಯಲ್ಲಿ ಹಲ್ಲುಜ್ಜುತ್ತಾರೆ. ಇಪ್ಪತ್ತನಾಲ್ಕು ಗಂಟೆಯ ಒಡನಾಟ ಅದು. ಹರಡುವಿಕೆಯ ದೃಷ್ಟಿಯಿಂದ ಅದನ್ನು ಒಂದು ದೊಡ್ಡ ಅವಿಭಕ್ತ ಕುಟುಂಬ ಎಂದೇ ನೋಡಬೇಕು. ಧಾರವಾಡದ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ಅದೇ ವರ್ಷದ ನವೆಂಬರ್ ಕೊನೆಗೆ 66ರಿಂದ ಶುರುವಾದ ಸಂಖ್ಯೆ ಮೂರು ದಿನದಲ್ಲಿ 281ಕ್ಕೆ ಹೋಯಿತು. ಕ್ಯಾಂಪಸ್ಸಿನ ಕಾರ್ಯಕ್ರಮವೊಂದರಲ್ಲಿ ಎಲ್ಲರೂ ಸೇರಿದ್ದರು, ಆಮೇಲೆ ಎಲ್ಲರಿಗೂ ಸ್ವ್ಯಾಬ್ ತೆಗೆದರು. ಹಾಸ್ಟೆಲ್ ಇದ್ದಲ್ಲೆಲ್ಲ ಹೀಗೆ ಎಲ್ಲರನ್ನೂ ಒಂದೇ ಸಲ ಪರೀಕ್ಷಿಸುವುದು ಸುಲಭ. ಲಕ್ಷಣವೇ ಇಲ್ಲದ ಮಕ್ಕಳೂ ಲೆಕ್ಕಕ್ಕೆ ಸಿಗುತ್ತಾರೆ. ನಿಮ್ಮ ತಾಲ್ಲೂಕಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದು ಮಗುವಿಗೆ ಜ್ವರ ಬಂದರೆ ಮೂರು ದಿನ ಮನೆಯಲ್ಲಿ ಉಳಿದು ನಾಲ್ಕನೇ ದಿನ ಬರುತ್ತಿತ್ತು, ಅಷ್ಟೇ. ವಸತಿ ಶಾಲೆಯ ನೂರನ್ನು ನೋಡಿ ಹಗಲು ಶಾಲೆಗೆ ತೀರ್ಪು ಕೊಡುವುದೂ ತಪ್ಪು, ಪರೀಕ್ಷೆಯೇ ಆಗದ ಹಗಲು ಶಾಲೆಯ ಸೊನ್ನೆಯನ್ನು ನೋಡಿ ನಿರಾಳವಾಗುವುದೂ ತಪ್ಪು.

ಹಗಲು ಶಾಲೆಯಲ್ಲಿ ಹರಡುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ಅವರಿಗೆ ಜೆರುಸಲೇಮಿನ ಕಥೆ ಹೇಳಬೇಕು. ಇಸ್ರೇಲ್ 2020ರ ಮೇ 17ಕ್ಕೆ ಶಾಲೆಗಳನ್ನು ಪೂರ್ತಿ ತೆರೆಯಿತು. ಆ ವಾರವೇ ವಿಪರೀತ ಬಿಸಿಲು. ಮೂರು ದಿನ ಮಾಸ್ಕ್ ಬೇಡವೆಂದರು, ಕಿಟಕಿ ಮುಚ್ಚಿ ಏಸಿ ಹಾಕಿದರು, ಒಂದೊಂದು ಕೋಣೆಯಲ್ಲಿ 35ಕ್ಕಿಂತ ಹೆಚ್ಚು ಮಕ್ಕಳು. ಜಿಮ್ನಾಸಿಯಾ ರೆಹಾವಿಯಾ ಎಂಬ ಒಂದೇ ಶಾಲೆಯಲ್ಲಿ 153 ವಿದ್ಯಾರ್ಥಿಗಳಿಗೂ 25 ಸಿಬ್ಬಂದಿಗೂ ಸೋಂಕು ಹತ್ತಿತು. ಅಲ್ಲಿ ಬಹುತೇಕ ಎಲ್ಲರನ್ನೂ ಪರೀಕ್ಷಿಸಿದ್ದರಿಂದ ಪ್ರಮಾಣವೂ ಸರಿಯಾಗಿ ಸಿಕ್ಕಿತು: ಮಕ್ಕಳಲ್ಲಿ ಶೇ 13, ಸಿಬ್ಬಂದಿಯಲ್ಲಿ ಶೇ 16ಕ್ಕೂ ಹೆಚ್ಚು. ಇಲ್ಲೂ ದೊಡ್ಡವರದೇ ಮೇಲುಗೈ, ಗಮನಿಸಿ.

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಅದೇ ವರ್ಷ ಎಣಿಕೆ ಹೇಗೆ ಮಾಡಬೇಕು ಎಂಬುದನ್ನು ತೋರಿಸಿಕೊಟ್ಟರು. 11 ಶಾಲಾ ಜಿಲ್ಲೆ, ಒಂಬತ್ತು ವಾರ, 90 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಮತ್ತು ಸಿಬ್ಬಂದಿ. ಊರಿನಿಂದ ತಂದ ಸೋಂಕು 773, ಶಾಲೆಯೊಳಗೆ ಒಬ್ಬರಿಂದೊಬ್ಬರಿಗೆ ದಾಟಿದ್ದು 32. ಎಲ್ಲರಿಗೂ ಮಾಸ್ಕ್ ಕಡ್ಡಾಯವಾಗಿತ್ತು. ಪ್ರತಿ ಪ್ರಕರಣದ ಬೆನ್ನು ಹತ್ತಿ, ಯಾರಿಂದ ಯಾರಿಗೆ ಬಂತೆಂದು ವಿಚಾರಿಸಿ ಬರೆದಿಟ್ಟದ್ದರಿಂದ ಈ ಎರಡು ಅಂಕಿಗಳು ಬೇರೆಯಾದವು. ಎರಡನ್ನೂ ಕೂಡಿಸಿ 'ಶಾಲೆಗಳಲ್ಲಿ 805 ಸೋಂಕು' ಎಂದು ತಲೆಬರಹ ಹಾಕಿದ್ದರೆ ಯಾವ ತಾಯಿ ಮಗುವನ್ನು ಕಳಿಸುತ್ತಿದ್ದಳು? ನಮ್ಮಲ್ಲಿ ಬಂದ ತಲೆಬರಹಗಳು ಬಹುಪಾಲು ಅಂಥವೇ. ನಮ್ಮ ಆರೋಗ್ಯ ಇಲಾಖೆಯವರಿಗೆ ಸಂಪರ್ಕ ಪತ್ತೆ ಗೊತ್ತಿರಲಿಲ್ಲ ಎಂದಲ್ಲ. 2020ರ ಮೊದಲ ತಿಂಗಳುಗಳಲ್ಲಿ ಪ್ರತಿ ರೋಗಿಗೂ ಪಿ ನಂಬರ್ ಕೊಟ್ಟು, ಯಾರಿಂದ ಬಂತೆಂದು ದಿನವೂ ಬುಲೆಟಿನ್‌ನಲ್ಲಿ ಪ್ರಕಟಿಸಿದ ರಾಜ್ಯ ಇದು. ಶಾಲೆ ತೆರೆದ ಮೇಲೆ ಆ ಶ್ರದ್ಧೆಯನ್ನು ಶಾಲೆಗಳಲ್ಲಿ ತೋರಿಸಬೇಕಿತ್ತು.

ಇನ್ನು ನಿಮ್ಮವರ ಮಾತು.

ವಿದ್ಯಾಗಮ 2020ರ ಆಗಸ್ಟಿನಲ್ಲಿ ಶುರುವಾಯಿತು. ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳು, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಪಾಠ. ಫೋನಿಲ್ಲದ ಮಕ್ಕಳ ಬಳಿಗೆ ಶಿಕ್ಷಕರೇ ನಡೆದು ಹೋದ ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಮಕ್ಕಳಿಗೂ ಶಿಕ್ಷಕರಿಗೂ ಸೋಂಕು ತಗುಲಿದ ಸುದ್ದಿಗಳು ಬಂದು ಅಕ್ಟೋಬರಿನಲ್ಲಿ ಅದು ನಿಂತಿತು. 2021ರ ಜನವರಿ 1ಕ್ಕೆ ಎಸ್‌ಎಸ್‌ಎಲ್‌ಸಿ, ದ್ವಿತೀಯ ಪಿಯುಸಿ ತರಗತಿಗಳು ತೆರೆದಾಗ ಶಿಕ್ಷಕರು ಆರ್‌ಟಿಪಿಸಿಆರ್ ನೆಗೆಟಿವ್ ವರದಿ ತರಬೇಕಿತ್ತು. ಆ ವಾರ ನಿಮ್ಮ ಜಿಲ್ಲೆಯೂ ಸೇರಿ ಹಲವೆಡೆ ಶಿಕ್ಷಕರು ಪಾಸಿಟಿವ್ ಆದ ಸುದ್ದಿ ಬಂದದ್ದು ಮುಖ್ಯವಾಗಿ ಈ ಪರೀಕ್ಷೆಯಿಂದ. ಅವರಿಗೆ ಸೋಂಕು ತರಗತಿಯಿಂದ ಬಂದಿರಲಿಲ್ಲ, ತರಗತಿ ಇನ್ನೂ ಸರಿಯಾಗಿ ನಡೆದೇ ಇರಲಿಲ್ಲ. ಪತ್ರದಲ್ಲಿ ನೀವು ಇದನ್ನು ಶಾಲೆ ತೆರೆದ ಪರಿಣಾಮ ಎಂದಿದ್ದೀರಿ. ಅಲ್ಲಿ ನಾನು ನಿಮ್ಮನ್ನು ಒಪ್ಪುವುದಿಲ್ಲ.

ಆದರೆ ಅದಕ್ಕಿಂತ ದೊಡ್ಡ ಅನ್ಯಾಯ ಬೇರೆ ಕಡೆ ಇತ್ತು. ಜನವರಿ 16ಕ್ಕೆ ದೇಶದಲ್ಲಿ ಲಸಿಕೆ ಶುರುವಾಯಿತು. ಮೊದಲು ಆರೋಗ್ಯ ಸಿಬ್ಬಂದಿ, ಆಮೇಲೆ ಪೊಲೀಸರು, ಪೌರಕಾರ್ಮಿಕರು, ಮಾರ್ಚಿನಿಂದ ಹಿರಿಯರು. ತರಗತಿಗೆ ಹೋಗಲೇಬೇಕೆಂದು ಆದೇಶ ಪಡೆದ ಶಿಕ್ಷಕರು ಕೇಂದ್ರದ ಆ ಮೊದಲ ಸಾಲಿನಲ್ಲಿ ಇರಲಿಲ್ಲ. ಸೆಪ್ಟೆಂಬರ್ 5ರ ಶಿಕ್ಷಕರ ದಿನದೊಳಗೆ ಎಲ್ಲ ಶಿಕ್ಷಕರಿಗೂ ಲಸಿಕೆ ಆಗಲಿ ಎಂದು ಕೇಂದ್ರ 2 ಕೋಟಿ ಹೆಚ್ಚುವರಿ ಡೋಸ್ ಘೋಷಿಸಿದ್ದು ಆಗಸ್ಟ್ ಕೊನೆಗೆ, ಎರಡನೇ ಅಲೆ ಬಂದು ಹೋದ ಮೇಲೆ. ಆ ಅಲೆಯಲ್ಲಿ, 2021ರ ಏಪ್ರಿಲ್ 17ರಂದು, ಬೆಳಗಾವಿ ಲೋಕಸಭೆಗೆ, ಬಸವಕಲ್ಯಾಣ ಮತ್ತು ಮಸ್ಕಿ ವಿಧಾನಸಭೆಗೆ ಉಪಚುನಾವಣೆ ನಡೆಯಿತು. ಚುನಾವಣಾ ಕೆಲಸಕ್ಕೆ ಹೋಗಿ ಬಂದ ಶಿಕ್ಷಕರು ತೀರಿಕೊಂಡ ಸುದ್ದಿಗಳು ಬಸವಕಲ್ಯಾಣದ ಕಡೆಯಿಂದ ಬಂದವು. ಉತ್ತರ ಪ್ರದೇಶದ ಪಂಚಾಯತ್ ಚುನಾವಣೆಯಲ್ಲಂತೂ ಶಿಕ್ಷಕರ ಸಂಘ 1,621 ಹೆಸರುಗಳ ಪಟ್ಟಿ ಕೊಟ್ಟಿತು, ಸರ್ಕಾರ ಮೂರೇ ಸಾವು ಎಂದಿತು. ಮನೆ ಬಿಟ್ಟು ಕೆಲಸ ಮುಗಿಸಿ ಮನೆ ಸೇರುವುದರೊಳಗೆ ಸತ್ತರೆ ಮಾತ್ರ ಕರ್ತವ್ಯದಲ್ಲಿ ಸತ್ತ ಹಾಗೆ ಎಂಬುದು ಅವರು ಹಿಡಿದ ನಿಯಮ. ಸೋಂಕಿನಿಂದ ಸಾಯಲು ವಾರಗಳು ಬೇಕೆಂಬುದು ಆ ನಿಯಮಕ್ಕೆ ಗೊತ್ತಿರಲಿಲ್ಲ. ಇದು ನನಗೆ ಇವತ್ತಿಗೂ ಸಿಟ್ಟು ಬರಿಸುವ ಸಂಗತಿ.

ಆ ಹೊತ್ತಿಗೆ ಶಾಲೆಗಳು ಮುಚ್ಚಿದ್ದವು. ಕರ್ನಾಟಕದಲ್ಲಿ ಒಂದೇ ದಿನ 50,112 ಪ್ರಕರಣ ಬಂದದ್ದು ಮೇ 5ಕ್ಕೆ, ತರಗತಿಗಳಲ್ಲಿ ಮಕ್ಕಳಿರಲಿಲ್ಲ. ಶಾಲೆ ತೆರೆದಿದ್ದರೆ ಇನ್ನೂ ಹೆಚ್ಚಾಗುತ್ತಿತ್ತೋ ಏನೋ, ಆ ವಾರಗಳಲ್ಲಿ ಮುಚ್ಚಿದ್ದು ಸರಿಯೇ. ಆದರೆ ಶಾಲೆ ಮುಚ್ಚಿದರೆ ಶಿಕ್ಷಕರು ಕ್ಷೇಮ ಎಂಬ ಮಾತು ನಿಲ್ಲುವುದಿಲ್ಲ. ಅವರು ಸಮೀಕ್ಷೆಗೆ, ಚೆಕ್‌ಪೋಸ್ಟಿಗೆ, ಮತಗಟ್ಟೆಗೆ ಹೋಗುತ್ತಲೇ ಇದ್ದರು.

ಮಕ್ಕಳು ಮಾತ್ರ ಮನೆಯಲ್ಲಿದ್ದರು. 1ರಿಂದ 5ನೇ ತರಗತಿಯವರು ಶಾಲೆಗೆ ಮರಳಿದ್ದು 2021ರ ಅಕ್ಟೋಬರ್ 25ಕ್ಕೆ. 2020ರ ಮಾರ್ಚಿನಿಂದ ಲೆಕ್ಕ ಹಾಕಿದರೆ 19 ತಿಂಗಳು. ಚಿತ್ರಮಂದಿರಗಳು ಅಕ್ಟೋಬರ್ 1ಕ್ಕೇ ಪೂರ್ತಿ ತುಂಬಬಹುದಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮುಖ್ಯಸ್ಥರಾಗಿದ್ದ ಡಾ. ಬಲರಾಮ್ ಭಾರ್ಗವ ಅವರು ಜುಲೈನಲ್ಲೇ, ತೆರೆಯುವುದಾದರೆ ಪ್ರಾಥಮಿಕ ಶಾಲೆಯಿಂದ ಶುರು ಮಾಡಿ, ಸಿಬ್ಬಂದಿಗೆ ಲಸಿಕೆ ಆಗಿರಲಿ ಎಂದು ಹೇಳಿದ್ದರು. ಆ ಹೊತ್ತಿನ ರಾಷ್ಟ್ರೀಯ ಸೀರೋ ಸಮೀಕ್ಷೆಯಲ್ಲಿ (ರಕ್ತದಲ್ಲಿ ಪ್ರತಿಕಾಯ ಇದೆಯೇ ಎಂದು ನೋಡುವ ಸಮೀಕ್ಷೆ) 6ರಿಂದ 9 ವರ್ಷದ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚಿನವರಿಗೆ ಸೋಂಕು ಬಂದು ಹೋದ ಗುರುತು ಇತ್ತು, ಅದೂ ಶಾಲೆಯ ಮೆಟ್ಟಿಲು ಹತ್ತದೆಯೇ. ನಾವು ಮಾಡಿದ್ದು ತಲೆಕೆಳಗು: ದೊಡ್ಡ ತರಗತಿ, ಹಾಸ್ಟೆಲ್ ಮೊದಲು, ಊರಿನ ಪುಟ್ಟ ಮಕ್ಕಳು ಕೊನೆಗೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕ ಸೇರಿ ಐದು ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳನ್ನು 2021ರ ಜನವರಿಯಲ್ಲಿ ನೋಡಿದಾಗ, ಶೇ 92 ಮಂದಿ ಹಿಂದಿನ ವರ್ಷ ಗೊತ್ತಿದ್ದ ಯಾವುದಾದರೂ ಒಂದು ಭಾಷಾ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಇನ್ನೂ ಒಂಬತ್ತು ತಿಂಗಳು ಮುಚ್ಚಿಯೇ ಇರುವುದು ಆಗ ಬಾಕಿ ಇತ್ತು. ಲೇಖನದ ಆ ಸಾಲಿನ ಹಿಂದಿದ್ದ ಸಂಕಟ ಇದೇ.

ಹಾಗಾದರೆ ನಿಮ್ಮವರು ಶೇಕಡಾವಾರಿನಲ್ಲಿ ಎಲ್ಲಿದ್ದಾರೆ? ಮಕ್ಕಳ ದೊಡ್ಡ ಸಂಖ್ಯೆಯ ಜೊತೆ ಕೂಡಿಸಿ ಭಾಗಿಸಿದ್ದರಿಂದ ಕಾಣದೆ ಹೋದರು. ಹತ್ತು ವರ್ಷದ ಮಗುವಿಗೂ ಸಕ್ಕರೆ ಕಾಯಿಲೆ ಇರುವ ಐವತ್ತೈದರ ಶಿಕ್ಷಕರಿಗೂ ಒಂದೇ ವೈರಸ್ ಒಂದೇ ಅಪಾಯ ಒಡ್ಡುವುದಿಲ್ಲ. ಅವರಿಬ್ಬರನ್ನು ಒಂದೇ ಕಾಲಂನಲ್ಲಿ ಬರೆದ ಯಾವ ಲೆಕ್ಕವನ್ನೂ, ಅದು ಶಾಲೆ ತೆರೆಯುವ ಪರವಾಗಿರಲಿ ವಿರುದ್ಧವಾಗಿರಲಿ, ನಾನು ಒಪ್ಪುವುದಿಲ್ಲ.

ನಿಮ್ಮ ಶಾಲಾ ಕ್ಲಸ್ಟರಿನಲ್ಲಿ ಯಾರ್ಯಾರಿಗೆ ಯಾವಾಗ ಸೋಂಕು ಬಂತೆಂದು ಅಂದಿನ ಡೈರಿಯಲ್ಲಿ ಬರೆದಿಟ್ಟಿರುವುದಾಗಿ ಪತ್ರದ ಅಂಚಿನಲ್ಲಿ ಹೇಳಿದ್ದೀರಿ. ಅದರ ಪ್ರತಿ ಕಳಿಸಿಕೊಡಿ. ಪಾಸಿಟಿವ್ ಬಂದ ದಿನ, ಅದರ ಹಿಂದಿನ ಎರಡು ವಾರ ಅವರು ಇದ್ದ ಕೆಲಸ, ಪರೀಕ್ಷೆ ಆದದ್ದು ಜ್ವರ ಬಂದು ಕೇಳಿದ್ದಕ್ಕೋ ಇಲಾಖೆಯ ಆದೇಶದಿಂದಲೋ, ಇಷ್ಟು ಇದ್ದರೆ ಸಾಕು, ಹೆಸರು ಬೇಡ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಎರಡು ಪುಟ ಮೀಸಲಿಟ್ಟಿದ್ದೇನೆ.

– ಸಂಪಾದಕ