ಅಮ್ಮನ ಜೊತೆ ಒಂದೇ ದಿನದಲ್ಲಿ ಆಗ್ರಾ

ಅಮ್ಮನ ಜೊತೆ ಶುಕ್ರವಾರ ದೆಹಲಿಯಿಂದ ಆಗ್ರಾಕ್ಕೆ ಒಂದು ದಿನದ ಗೈಡ್ ಟೂರ್, ಫತೇಪುರ್ ಸಿಕ್ರಿಯನ್ನೂ ಸೇರಿಸಬಹುದಾ ಅಂತ ಕೇಳಿದ್ದೀರಿ. ಮೊದಲು ದಿನ ಬದಲಾಯಿಸಿ, ಶುಕ್ರವಾರ ತಾಜ್‌ಮಹಲ್ ಪ್ರವಾಸಿಗರಿಗೆ ಮುಚ್ಚಿರುತ್ತದೆ. ಸಿಕ್ರಿ ಆಗ್ರಾದಿಂದ ಇನ್ನೂ ಸುಮಾರು 40 ಕಿ.ಮೀ. ದೂರ. ಅಮ್ಮನಿಗೆ ಸುಸ್ತು ಜಾಸ್ತಿ ಆಗುತ್ತದೆ, ಬಿಟ್ಟುಬಿಡಿ.

ಆ ಹೊತ್ತನ್ನು ಯಮುನೆಯ ಆಚೆ ದಡದ ಇತಿಮಾದ್-ಉದ್-ದೌಲಾ ಸಮಾಧಿಗೆ ಕೊಡಿ. ಮೊಘಲ್ ರಾಣಿ ನೂರ್ ಜಹಾನ್ ತನ್ನ ತಂದೆಗಾಗಿ ಕಟ್ಟಿಸಿದ್ದು, 1628ರಲ್ಲಿ ಮುಗಿಯಿತು. ಗೋಡೆಯ ಹತ್ತಿರ ನಿಂತು ನೋಡಿ. ಬಿಳಿ ಅಮೃತಶಿಲೆಯಲ್ಲಿ ಬಣ್ಣದ ಕಲ್ಲು ಕೂರಿಸಿ ಹೂದಾನಿ, ಮರ, ಹೂಜಿ ಎಲ್ಲ ಬಿಡಿಸಿದ್ದಾರೆ. ತಾಜ್‌ಗಿಂತ ಮೊದಲೇ ಇಂಥ ಕೆಲಸ! ನನಗಂತೂ ಆಗ್ರಾದಲ್ಲಿ ಇದೇ ಹೆಚ್ಚು ಇಷ್ಟ.

ಆಗ್ರಾ ಕೋಟೆಯಲ್ಲಿ ಷಹಜಹಾನ್ ಸೆರೆಯಲ್ಲಿದ್ದ ಮುಸಮ್ಮನ್ ಬುರ್ಜ್ ಎಂಬ ಗೋಪುರ ತೋರಿಸಲು ಗೈಡ್‌ಗೆ ಹೇಳಿ. ಗೈಡ್ ಹತ್ತಿರ ಸರ್ಕಾರದ ಪರವಾನಗಿ ಕಾರ್ಡ್ ಇದೆಯಾ ನೋಡಿ. ಅಂಗಡಿಗಳಿಗೆ ಹೋಗೋದು ಬೇಡ ಅಂತ ಮೊದಲೇ ಹೇಳಿಬಿಡಿ.